ಮೈನಸ್ ನಲವತ್ತು ಡಿಗ್ರಿ ಮತ್ತು ನನ್ನ ಮೀಸೆ

ಸಿಟ್ಟು ಕೆಲವರಿಗೆ ಮೂಗಿನ ತುದಿಯಲ್ಲಿರುತ್ತದೆ. ನನಗೆ ಅದಕ್ಕಿಂತ ಅರ್ಧ ಅಂಗುಲ ಕೆಳಗೆ, ಮೀಸೆಯಲ್ಲಿತ್ತು. ಯಾರಾದರೂ ನನ್ನ ಕೆಲಸದ ಬಗ್ಗೆ ಒಂದು ಮಾತು ಆಡಿದರೆ ಸಾಕು, ಕೈ ತಾನಾಗಿ ಮೀಸೆಗೆ ಹೋಗುತ್ತಿತ್ತು, ಬಾಯಿ ಏನಾದರೊಂದು ಆಡಿಬಿಡುತ್ತಿತ್ತು. ಆಮೇಲೆ ಆಡಿದ್ದನ್ನು ಉಳಿಸಿಕೊಳ್ಳಲು ಮಿಕ್ಕ ಮೈಯೆಲ್ಲ ಒದ್ದಾಡಬೇಕಿತ್ತು.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಹುಣಸೂರಿನಲ್ಲಿ, ಪಿರಿಯಾಪಟ್ಟಣದ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿ ನನ್ನದೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಎದುರಿಗೆ ಡೀಸೆಲ್ ಪಂಪು ರಿಪೇರಿಯ ಮೇಸ್ತ್ರಿ; ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ವೈರು ಇರುವುದೇ ಬಟ್ಟೆ ಒಣಗಿಹಾಕಲು ಎಂದು ನಂಬಿದವನು. ಅವನ ಪಕ್ಕ ಕ್ಷೌರದಂಗಡಿ. ನನ್ನ ಅಂಗಡಿಯ ಬಾಗಿಲಲ್ಲಿ, ಕಬ್ಬಿಣದ ಸ್ಟೂಲಿನ ಮೇಲೆ, ನಮ್ಮಪ್ಪ. ಹೊಲವನ್ನು ನಮ್ಮಣ್ಣನಿಗೆ ಒಪ್ಪಿಸಿದ ಮೇಲೆ ಅವರು ದಿನವೂ ಬೆಳಗ್ಗೆ ಒಂಬತ್ತಕ್ಕೆ ಬಂದು ಕೂತು, ಒಂದು ಚಿಟಿಕೆ ನಶ್ಯ ಏರಿಸಿ, ಬಂದ ಗಾಡಿಗಳ ಯೋಗಕ್ಷೇಮ ವಿಚಾರಿಸುತ್ತಿದ್ದರು.

ಅಪ್ಪನಿಗೆ ಅಂಗಡಿಯಲ್ಲಿ ವರ್ಷಕ್ಕೆ ಒಂದೇ ದಿನ ಕೆಲಸ, ಆಯುಧಪೂಜೆಯ ಹಿಂದಿನ ದಿನ. ಎಲ್ಲರೂ ತಮ್ಮ ಸಾಮಾನುಗಳನ್ನು ತೊಳೆದು ಒರೆಸಿ ಇಟ್ಟರೆ ಅಪ್ಪನಿಗೆ ಅಷ್ಟು ಸಾಲದು. "ತೊಳುದ್ರೆ ಕೊಳೆ ಓಯ್ತದೆ, ಬಣ್ಣ ಒಡುದ್ರೆ ಮರ್ವಾದೆ ಬತ್ತದೆ" ಎಂದು ಹೇಳಿ, ಗೇಟಿಗೆ ಹೊಡೆಯುವ ಬೆಳ್ಳಿ ಬಣ್ಣದ ಡಬ್ಬಿ ಬಿಚ್ಚಿ, ಕೈಗೆ ಸಿಕ್ಕ ಕಬ್ಬಿಣಕ್ಕೆಲ್ಲ ಬಳಿಯುತ್ತಿದ್ದರು. ವೈಸು, ಜಾಕಿ, ಸುತ್ತಿಗೆ, ತಾವು ಕೂರುವ ಸ್ಟೂಲು. ಒಂದು ವರ್ಷ ನನ್ನ ಊಟದ ಡಬ್ಬಿಗೂ ಹೊಡೆದಿದ್ದರು. ಒಂದು ವಾರ ಮುದ್ದೆಯಲ್ಲಿ ಟರ್ಪೆಂಟೈನ್ ವಾಸನೆ ಬರುತ್ತಿತ್ತು.

ಆ ವರ್ಷ ಆಯುಧಪೂಜೆಯ ಮುನ್ನಾದಿನ ಅಂಗಡಿ ಮುಂದೆ ಒಂದು ಜೀಪು ನಿಂತಿತ್ತು. ಅದರ ಯಜಮಾನ ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದ ಕಡೆಯ ಭತ್ತದ ರೈತ. ಆ ಸೀಮೆಯಲ್ಲಿ ನೆಲ ಊಟದ ತಟ್ಟೆಯಂತೆ ಚಪ್ಪಟೆ. ಗಾಡಿ ಹತ್ತುವಂಥ ಏರು ಅಂದರೆ ನಾಲೆಯ ಏರಿ ಒಂದೇ. ಅಂಥವನು ಪಿರಿಯಾಪಟ್ಟಣದಾಚೆಯ ಕೊಪ್ಪದ ಮಾರುಕಟ್ಟೆಯಲ್ಲಿ ಎಂಜಿನ್ನಿನ ಶಕ್ತಿ ಹೆಚ್ಚಿಸುವ ಡಬ್ಬಿಯೊಂದನ್ನು ಕೊಂಡು ತಂದಿದ್ದ. ಯಾಕಪ್ಪಾ ಎಂದು ಕೇಳಿದೆ. ಹೆಗ್ಗಡದೇವನಕೋಟೆ ಕಡೆ ಅಂತರಸಂತೆಯಲ್ಲಿ ಅವನ ಹೆಂಡತಿಯ ತವರು. ಕಾಕನಕೋಟೆ ರಸ್ತೆಯಲ್ಲಿ ಭಾಮೈದ ತನ್ನ ಜೀಪಿನಲ್ಲಿ ಇವನನ್ನು ಹಿಂದೆ ಹಾಕಿ ಹೋಗಿದ್ದನಂತೆ. ಅದನ್ನಾದರೂ ತಡೆದುಕೊಳ್ಳಬಹುದಿತ್ತು, ಆದರೆ ಇವನ ಜೀಪಿನಲ್ಲೇ ಕೂತಿದ್ದ ಹೆಂಡತಿ ತಮ್ಮನಿಗೆ ಚಪ್ಪಾಳೆ ತಟ್ಟಿಬಿಟ್ಟಿದ್ದಳು.

ಆ ಡಬ್ಬಿಯ ಸಂಗತಿ ಸರಳ. ಮೂರು ಸೆನ್ಸರು. ಒಂದು ಎಂಜಿನ್ ನೀರಿನ ಬಿಸಿ ನೋಡುತ್ತದೆ, ಒಂದು ಪೆಡಲನ್ನು ಎಷ್ಟು ತುಳಿದಿದ್ದಾರೆಂದು ನೋಡುತ್ತದೆ, ಒಂದು ಟರ್ಬೋ ಊದುವ ಗಾಳಿಯ ಒತ್ತಡ ನೋಡುತ್ತದೆ. ಮೂರೂ ತಮಗೆ ಕಂಡದ್ದನ್ನು ಸಣ್ಣ ವೋಲ್ಟೇಜಿನಲ್ಲಿ ಡಬ್ಬಿಗೆ ಚಾಡಿ ಹೇಳುತ್ತವೆ. ಡಬ್ಬಿ ಅದನ್ನು ಕೇಳಿ ಡೀಸೆಲ್ ಹೆಚ್ಚುಕಮ್ಮಿ ಮಾಡುತ್ತದೆ, ಮುಂದೆ ಒಂದು ಪುಟ್ಟ ಪರದೆಯಲ್ಲಿ ಅಂಕಿ ತೋರಿಸುತ್ತದೆ. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಇತ್ತು. ನಾನು ಆರನೇ ಪುಟದವರೆಗೆ ಓದಿ, ತಿಳಿಯಿತು ಬಿಡು ಎಂದು ಸೀಟಿನ ಕೆಳಗೆ ಹಾಕಿದೆ. ಮೂರೂ ಸೆನ್ಸರುಗಳ ಅರ್ತಿಂಗ್ ವೈರುಗಳನ್ನು, ಅಂದರೆ ಹೋದ ಕರೆಂಟು ವಾಪಸು ಬರುವ ದಾರಿಯನ್ನು, ಒಟ್ಟುಗೂಡಿಸಿ ಬಾನೆಟ್ಟಿನ ಒಳಗೆ ಬಾಡಿಯ ಒಂದು ಬೋಲ್ಟಿಗೆ ಬಿಗಿದೆ. ನಮ್ಮ ಕಸುಬಿನಲ್ಲಿ ಅದು ವೇದವಾಕ್ಯ: ಬಾಡಿಯಲ್ಲಿ ಎಲ್ಲಿ ಬಿಗಿದರೂ ಅರ್ತಿಂಗೇ.

ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿದೆವು, ಬಾಣದಂತೆ ಹೋಯಿತು. ಪೂಜೆಗೆ ಬೂದುಗುಂಬಳಕಾಯಿ ತರಲು ನಾನು ಸಂತೆಗೆ ಹೋದೆ, ಅಪ್ಪ ಬಣ್ಣದ ಡಬ್ಬಿ ಬಿಚ್ಚಿದರು. ಮಾರನೇ ದಿನ ಪೂಜೆ ಮುಗಿಸಿ ಬಾಳೆಕಂದು ಕಟ್ಟಿಸಿಕೊಂಡು, ನಿಂಬೆಹಣ್ಣು ತುಳಿದು, ಜೀಪು ಹೊಸ ಅಗ್ರಹಾರಕ್ಕೆ ಹೊರಟಿತು.

ಮೂರನೇ ದಿನ, ಗುರುವಾರ, ಅದೇ ಜೀಪು ಬಿಕ್ಕಳಿಸುತ್ತಾ ವಾಪಸು ಬಂತು. ಬಾಳೆಕಂದು ಬಾಡಿತ್ತು. ಯಜಮಾನನ ಮುಖ ಅದಕ್ಕಿಂತ ಬಾಡಿತ್ತು.

"ಏನ್ ಮಾಡ್ದಪ್ಪ ನನ್ ಗಾಡೀಗೆ? ಅಬ್ಬದ ದಿನ ದಾರೀಲೇ ಸುರುವಾಯ್ತು. ಒಂದು ಮಾರು ಓಯ್ತದೆ, ನಿಂತ್ಕತದೆ. ಭಾನ್ವಾರ ಎಂಡ್ತಿ ತವರಿಗೆ ಓಗ್ಬೇಕು ಕಣಪ್ಪ."

ಡಬ್ಬಿಯ ಪರದೆ ನೋಡಿದೆ. ನೀರಿನ ಬಿಸಿ: ಮೈನಸ್ ನಲವತ್ತು ಡಿಗ್ರಿ. ಪೆಡಲು: ನೂರಕ್ಕೆ ನೂರು ತುಳಿದಿದೆ. ಗಾಳಿಯ ಒತ್ತಡ: ಅಳತೆಯ ತುದಿ ಮುಟ್ಟಿದೆ. ಎಂಜಿನ್ ಆಫ್ ಆಗಿತ್ತು, ಒಳಗೆ ಯಾರೂ ಕೂತಿರಲಿಲ್ಲ.

ಎದುರಿನ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಬಂದು ಬಗ್ಗಿ ನೋಡಿದ. "ಮೈನಸ್ ನಲವತ್ತಾ? ಉಣಸೂರಲ್ಲಾ? ಒಳ್ಳೇದೇ ಆಯ್ತು ಬುಡು, ಬ್ಯಾಸ್ಗೇಲಿ ಐಸ್‌ಕ್ಯಾಂಡಿ ಮಾಡ್ಕಬೋದು."

ಅಪ್ಪ ಸ್ಟೂಲಿನಿಂದ ಎದ್ದು ಬಂದರು. "ಕಾಲೇ ಮಡಗಿಲ್ಲ, ಪೂರ್ತಿ ತುಳದದೆ ಅಂತದಲ್ಲ. ಯಾರ್ಲಾ ತುಳದೋರು?" ಎಂದರು. ಅವರು ಅಷ್ಟು ಗಂಭೀರವಾಗಿ ಕೇಳಿದ್ದರಿಂದ ಯಜಮಾನ ಒಮ್ಮೆ ಸೀಟಿನ ಕೆಳಗೆ ಬಗ್ಗಿ ನೋಡಿಯೇಬಿಟ್ಟ.

"ಇದೆಲ್ಲ ನಿನ್ ಕೈಲಿ ಆಗಾಕಿಲ್ಲ ಕಣ್ಲಾ. ಡಬ್ಬಿ ಕಿತ್ತಾಕು, ಗಾಡಿ ಮೊದ್ಲಿನಂಗೆ ಓಡ್ತದೆ" ಎಂದ ಮೇಸ್ತ್ರಿ.

ನಿಜ ಹೇಳಬೇಕೆಂದರೆ ಅದು ಒಳ್ಳೆಯ ಸಲಹೆ. ಡಬ್ಬಿ ತೆಗೆದರೆ ಜೀಪು ಸುಮ್ಮನೆ ಓಡುತ್ತಿತ್ತು. ಆದರೆ ಯಜಮಾನ ಡಬ್ಬಿಯಿಲ್ಲದೆ ಅಂತರಸಂತೆಗೆ ಹೋಗಲು ಸುತರಾಂ ಒಪ್ಪಲಿಲ್ಲ, ನನ್ನ ಕೈ ಆಗಲೇ ಮೀಸೆಗೆ ಹೋಗಿತ್ತು.

"ಭಾನ್ವಾರ ಮದ್ದಾನದೊಳಗೆ ಇದ್ನ ಸರಿ ಮಾಡ್ಲಿಲ್ಲ ಅಂದ್ರೆ ಈ ಮೀಸೆ ಬೋಳುಸ್ಕತೀನಿ. ಇಲ್ಲೇ, ನಿಮ್ಮೆಲ್ಲರ ಮುಂದೇನೇ."

ಕ್ಷೌರದವನು ಕತ್ತರಿ ನಿಲ್ಲಿಸಿ ಹೊರಗೆ ಇಣುಕಿದ. ನಾನು ಯಾಕೆಂದು ತಿಳಿಯದೆ ಎಲ್ಲರ ಮುಖ ನೋಡಿದೆ. ಅವರೆಲ್ಲ ಅಪ್ಪನ ಮುಖ ನೋಡುತ್ತಿದ್ದರು.

ನಮ್ಮ ಕಡೆ ಗಂಡಸು ಮೀಸೆ ತೆಗೆಸುವುದು ತಂದೆ ತೀರಿಕೊಂಡಾಗ. ಪಂಥಕ್ಕೆ ಮೀಸೆಯ ಮಾತು ಆಡುವವರು ಬೇಕಾದಷ್ಟಿದ್ದಾರೆ, ಆದರೆ ಅವರು ಅಪ್ಪ ಎರಡಡಿ ದೂರದಲ್ಲಿ ಕೂತಿಲ್ಲದಾಗ ಆಡುತ್ತಾರೆ, ತಾರೀಖನ್ನಂತೂ ಹೇಳುವುದಿಲ್ಲ. ನಾನು ಭಾನುವಾರ ಮಧ್ಯಾಹ್ನ ಎಂದು ಗೊತ್ತುಮಾಡಿಬಿಟ್ಟಿದ್ದೆ.

"ಅಲ್ಲ ಕಣ್ಲಾ, ನಿಮ್ಮಪ್ಪ ಇಲ್ಲೇ ಕುಂತವ್ರೆ" ಎಂದ ಮೇಸ್ತ್ರಿ, ಮೆತ್ತಗೆ.

ಅಪ್ಪ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದರು. "ಮಾಡ್ತಾನೆ ಬುಡಿ. ನಂಗಂತೂ ಭಾನ್ವಾರಕ್ಕೆ ಒರಡೋ ಯೋಚ್ನೆ ಇಲ್ಲ" ಎಂದರು.

ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಅವ್ವ ತಟ್ಟೆಗೆ ಮುದ್ದೆಯನ್ನು ಇಡಲಿಲ್ಲ, ಎಸೆದಳು. "ನನ್ನ ಕುಂಕುಮದ ಮ್ಯಾಲೆ ಪಂತ ಕಟ್ಟಿ ಬಂದಿದ್ದೀಯ. ಅದೂ ಯಾವನ್ದೋ ಜೀಪಿಗೆ" ಎಂದಳು. ಸಾರು ಕೇಳುವ ಧೈರ್ಯ ಬರದೆ ಬರೀ ಮುದ್ದೆ ನುಂಗಿದೆ.

ಶುಕ್ರವಾರ ಸೆನ್ಸರುಗಳ ವಿಚಾರಣೆ ಶುರುಮಾಡಿದೆ. ಮೂರನ್ನೂ ಬಿಚ್ಚಿ, ಮೀಟರು ಹಿಡಿದು ಒಂದೊಂದನ್ನೇ ಪರೀಕ್ಷಿಸಿದೆ. ಪೆಡಲಿನ ಸೆನ್ಸರು ತಿರುಗಿಸಿದಷ್ಟೇ ತಿರುಗಿತು ಎಂದಿತು. ಗಾಳಿಯದಕ್ಕೆ ಬಾಯಿಂದ ಊದಿದೆ, ಊದಿದಷ್ಟೂ ಏರಿತು. ನೀರಿನ ಬಿಸಿಯದನ್ನು ಹೇಗೆ ಪರೀಕ್ಷಿಸುವುದು? ಪಕ್ಕದ ಟೀ ಅಂಗಡಿಗೆ ಹೋಗಿ, ಅವನು ಆ ಕಡೆ ತಿರುಗಿದಾಗ ಆವಿ ಮುಚ್ಚಿದ್ದ ಕುದಿಯುವ ಪಾತ್ರೆಗೆ ವೈರು ಸಮೇತ ಇಳಿಬಿಟ್ಟೆ. ಬಿಸಿ ಏರಿದಷ್ಟೂ ಈ ಸೆನ್ಸರಿನ ಅಂಕಿ ಇಳಿಯಬೇಕು; ಮೀಟರಿನಲ್ಲಿ ಅದು ಇಳಿಯತೊಡಗಿತು, ನನಗೆ ಖುಷಿಯಾಯಿತು. ಟೀಯವನು ಈ ಕಡೆ ತಿರುಗಿದ. ಪಾತ್ರೆಯಲ್ಲಿದ್ದದ್ದು ನೀರಲ್ಲ, ಐವತ್ತು ಲೋಟದ ಹಾಲು ಎಂದು ಆಗ ತಿಳಿಯಿತು. ಆಮೇಲೆ ಎರಡು ತಿಂಗಳು ನಾನು ಟೀ ಕುಡಿಯಲು ಬಸ್‌ಸ್ಟ್ಯಾಂಡಿನವರೆಗೆ ನಡೆದು ಹೋಗಬೇಕಾಯಿತು.

ಸೆನ್ಸರು ಇಳಿದದ್ದು ಸರಿ, ಎಷ್ಟಕ್ಕೆ ಇಳಿಯಬೇಕೋ ಅಷ್ಟಕ್ಕೆ ಇಳಿಯಿತೋ ಇಲ್ಲವೋ? ಶನಿವಾರ ಬೆಳಗ್ಗೆ ಪಿರಿಯಾಪಟ್ಟಣದ ಹತ್ತಿರದ ನನ್ನ ಸೋದರಮಾವನ ಮನೆಗೆ ಹೋದೆ. ಅವರದು ಹೊಗೆಸೊಪ್ಪಿನ ಬೇಸಾಯ. ಸೊಪ್ಪು ನೇತುಹಾಕಿ ಬೇಯಿಸುವ ಮನೆಗೆ, ಅಂದರೆ ಬ್ಯಾರನ್ನಿಗೆ, ಆಗ ಉರಿ ಹಾಕಿದ್ದರು. ನಮ್ಮ ಸೀಮೆಯಲ್ಲಿ ನಂಬಬಹುದಾದ ಥರ್ಮಾಮೀಟರು ಅಂದರೆ ಬ್ಯಾರನ್ನಿನೊಳಗೆ ನೇತುಹಾಕಿದ್ದು. ಆಸ್ಪತ್ರೆಯದನ್ನು ನಂಬದ ಮಾವ ಅದನ್ನು ನಂಬುತ್ತಿದ್ದರು, ಒಮ್ಮೆ ಜ್ವರ ಬಂದಾಗ ಅದನ್ನೇ ಕಂಕುಳಲ್ಲಿ ಇಟ್ಟುಕೊಳ್ಳಲು ನೋಡಿದ್ದರು. ಬಾಗಿಲು ತೆರೆದು ಒಳಗೆ ನುಗ್ಗಿ ಸೆನ್ಸರನ್ನು ಥರ್ಮಾಮೀಟರಿನ ಪಕ್ಕ ಕಟ್ಟಿದೆ.

"ಬಾಗ್ಲಾಕ್ಲಾ" ಎಂದು ಮಾವ ಹೊರಗಿನಿಂದ ಕೂಗಿದರು. "ಕಾವು ಇಳುದ್ರೆ ಸೊಪ್ಪು ಕೆಟ್ಟೋಯ್ತದೆ."

ನಾನು ಬಾಗಿಲು ಹಾಕಿಕೊಂಡೆ. ಒಳಗೆ ನೂರಹತ್ತು ಡಿಗ್ರಿ, ಫ್ಯಾರನ್‌ಹೀಟು. ಪುಸ್ತಕದ ಐದನೇ ಪುಟದಿಂದ ನಾನು ಮೊದಲೇ ಬರೆದಿಟ್ಟುಕೊಂಡಿದ್ದ ಪಟ್ಟಿ ಸೆಲ್ಸಿಯಸ್ಸಿನಲ್ಲಿತ್ತು. ಬೆವರು ಸುರಿಸುತ್ತಾ, ಹಸಿ ಸೊಪ್ಪಿನ ಘಾಟಿಗೆ ಸೀನುತ್ತಾ, ಇದ್ದಿಲಿನಿಂದ ಗೋಡೆಯ ಮೇಲೆ ಲೆಕ್ಕ ಹಾಕಿದೆ. ಮೂರನೇ ಸಲ ಸರಿಬಂತು. ಸೆನ್ಸರು ಒಂದು ಡಿಗ್ರಿಯೂ ಸುಳ್ಳು ಹೇಳುತ್ತಿರಲಿಲ್ಲ. ಹೊರಗೆ ಬಂದಾಗ ಮಾವ ನನ್ನ ಕೆಂಪು ಮುಖ ನೋಡಿ, "ಇನ್ನೊಂದು ದಿನ ಬುಟ್ಟಿದ್ರೆ ಒಳ್ಳೆ ಗ್ರೇಡ್ ಬತ್ತಿದ್ದೆ ಕಣ್ಲಾ" ಎಂದರು. ಆಮೇಲೆ ದನಿ ತಗ್ಗಿಸಿ, "ಭಾವ ಎಂಗವ್ರೆ?" ಎಂದು ಕೇಳಿದರು.

ಇದೇ ಆಗ ಎಲ್ಲರ ಪ್ರಶ್ನೆ. ಅಂಗಡಿ ಮುಂದೆ ಹೋಗುವವರೆಲ್ಲ ಸೈಕಲ್ ನಿಲ್ಲಿಸಿ ಅಪ್ಪನ ಆರೋಗ್ಯ ಕೇಳುತ್ತಿದ್ದರು. ಒಬ್ಬರು ಎಳನೀರು ಕೊಟ್ಟು ಹೋದರು. ಅಪ್ಪನಿಗೆ ಇದು ಬಹಳ ಹಿಡಿಸಿತು. ನಾನು ಕೀಲಿ ತಿರುಗಿಸಿ ಪರದೆಯಲ್ಲಿ ಮತ್ತೆ ಮೈನಸ್ ನಲವತ್ತು ಬಂದಾಗಲೆಲ್ಲ ಅವರು ಸ್ಟೂಲಿನ ಮೇಲಿಂದ ಎರಡು ಸಲ ಕೆಮ್ಮುತ್ತಿದ್ದರು. ಮೇಸ್ತ್ರಿ ಎದುರಿನಿಂದಲೇ ತಲೆಯಾಡಿಸುತ್ತಿದ್ದ.

ಶನಿವಾರ ಮಧ್ಯಾಹ್ನ ಉಣ್ಣುವಾಗ, ಅವ್ವ ಕೇಳಿಸಿಕೊಳ್ಳುವುದಿಲ್ಲವೆಂದು ಗೊತ್ತಿದ್ದೂ, ಗೊಣಗಿದೆ. "ಮೂರೂ ಸೆನ್ಸರು ಚೆನ್ನಾಗವೆ. ಮೂರೂ ಒಂದೇ ದಿನ ಎಂಗೆ ಕೆಡ್ತವೆ?"

ಅವ್ವ ಬೆನ್ನು ತಿರುಗಿಸಿಕೊಂಡೇ ಹೇಳಿದಳು. "ಮೂರು ಮಕ್ಳಿಗೂ ಒಂದೇ ದಿನ ಒಟ್ಟೆ ಕೆಟ್ರೆ ನಾನು ಮಕ್ಕಳ ಒಟ್ಟೆ ನೋಡಾಕಿಲ್ಲ. ಸಾರಿನ ಪಾತ್ರೆ ನೋಡ್ತೀನಿ."

ನಾನು ಕೈ ತೊಳೆಯದೆ ಅಂಗಡಿಗೆ ಓಡಿದೆ. ಮೂರಕ್ಕೂ ಸೇರಿ ಇರುವ ಸಾರಿನ ಪಾತ್ರೆ ಯಾವುದು? ಡಬ್ಬಿಯಿಂದ ಹೊರಡುವ ಐದು ವೋಲ್ಟು, ವಾಪಸು ಬರುವ ಅರ್ತಿಂಗು. ಐದು ವೋಲ್ಟು ಸರಿಯಾಗಿತ್ತು. ಬಾನೆಟ್ಟು ಎತ್ತಿ ಅರ್ತಿಂಗ್ ಬೋಲ್ಟು ನೋಡಿದೆ. ತುಕ್ಕಿಲ್ಲ, ಮಣ್ಣಿಲ್ಲ, ಈಗ ತಾನೇ ಉಜ್ಜಿದಂತೆ ಫಳಫಳ ಹೊಳೆಯುತ್ತಿದೆ. ತಿರುಚಿ ನೋಡಿದೆ, ಅಲ್ಲಾಡಲಿಲ್ಲ. ಇಷ್ಟು ಶುದ್ಧವಾದ ಅರ್ತಿಂಗ್ ನನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಅದನ್ನು ಹಾಗೇ ಬಿಟ್ಟು, ಸೆನ್ಸರುಗಳಿಂದ ಡಬ್ಬಿಗೆ ಹೋಗುವ ವೈರುಗಳನ್ನು ಸಂಜೆಯವರೆಗೆ ಹೊಸದಾಗಿ ಎಳೆದೆ. ಕೀಲಿ ತಿರುಗಿಸಿದೆ. ಮೈನಸ್ ನಲವತ್ತು. ಅಪ್ಪ ಕೆಮ್ಮಿದರು. ಆ ಕೆಮ್ಮು ಕೇಳಿ ನನಗೆ ಮೊದಲ ಸಲ ನಿಜವಾಗಿ ಭಯವಾಯಿತು. ಇವರಿಗೆ ನಿಜವಾಗಿಯೂ ವಯಸ್ಸಾಗಿದೆ ಎಂದು ನಾನು ಅದುವರೆಗೆ ಯೋಚಿಸಿರಲೇ ಇಲ್ಲ.

ಭಾನುವಾರ ಹನ್ನೊಂದೂವರೆಗೆ ಅಂಗಡಿ ಮುಂದೆ ಜನ ಸೇರಿದ್ದರು. ಕ್ಷೌರದವನು ಪೆಟ್ಟಿಗೆ ತಂದು, ನೀರಿನ ಬಟ್ಟಲು ಪಕ್ಕಕ್ಕಿಟ್ಟುಕೊಂಡು, ನನ್ನ ಬೆಂಚಿನ ಮೇಲೆ ಕೂತಿದ್ದ. ಮುಖದಲ್ಲಿ ಸಂತೋಷವೇನೂ ಇರಲಿಲ್ಲ. ಯಜಮಾನ ಬಿಳಿ ಪಂಚೆ ಉಟ್ಟು, ತವರಿಗೆ ಹೊರಟ ಹೆಂಡತಿಯನ್ನು ಜೀಪಿನಲ್ಲಿ ಕೂರಿಸಿಕೊಂಡಿದ್ದ. ಆಕೆ ಹೂ ಮುಡಿದು, ಇದು ಯಾವುದೂ ತನಗೆ ಸಂಬಂಧವಿಲ್ಲವೆಂಬಂತೆ ಕಡಲೆಕಾಯಿ ಸುಲಿಯುತ್ತಿದ್ದಳು. ನಾನು ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದೆ. ಮಾಡಲು ಏನೂ ಉಳಿದಿರಲಿಲ್ಲ, ತಲೆ ಹೊರಗೆ ತೆಗೆಯಲು ನಾಚಿಕೆಯಾಗುತ್ತಿತ್ತು.

ಹೊತ್ತು ಹೋಗದ ಯಜಮಾನ ಪಕ್ಕಕ್ಕೆ ಬಂದು ಒಳಗೆ ಇಣುಕಿದ. "ಏನೇ ಅನ್ನು, ಎಂಜಿನ್ ಒಳಗೂ ಬೆಳ್ಳಿ ಇದ್ದಂಗೆ ಒಳೀತದೆ ಕಣಪ್ಪ" ಎಂದ.

ಒಬ್ಬರಾದರೂ ಗಮನಿಸಿದರಲ್ಲ ಎಂದು ಅಪ್ಪನ ಮುಖ ಅರಳಿತು. "ನಾನೇ ಕಣ್ರೀ ಮಾಡಿದ್ದು. ಆ ಬೋಲ್ಟು ತುಕ್ಕು ಇಡುದಿತ್ತು. ಅಬ್ಬಕ್ಕೆ ಅಂಗೇ ಬುಡಾಕಾಯ್ತದಾ? ಬಿಚ್ಚಿ, ಡಬ್ಬಿ ಒಳ್ಗೆ ಅದ್ದಿ, ತೂತಿನ ಸುತ್ತ ಎರಡು ಕೈ ಬಳ್ದು, ಒಣಗಿದ್ ಮ್ಯಾಲೆ ಬಿಗ್ದೆ. ನೋಡಿ, ಒಂಚೂರೂ ಎದ್ದಿಲ್ಲ."

ನನ್ನ ತಲೆ ಬಾನೆಟ್ಟಿಗೆ ಬಡಿಯಿತು. ಬಣ್ಣ. ಉಜ್ಜಿದ ಕಬ್ಬಿಣವಲ್ಲ, ಬೆಳ್ಳಿ ಬಣ್ಣ. ಬೋಲ್ಟಿನ ಮೈಗೆಲ್ಲ, ತೂತಿನ ಸುತ್ತ, ವೈರಿನ ಬಳೆಯ ಕೆಳಗೆ ಎರಡು ಕೈ ಬಣ್ಣ. ಕರೆಂಟು ವಾಪಸು ಬರಲು ಕೂದಲೆಳೆಯಷ್ಟೂ ದಾರಿಯಿಲ್ಲ. ಮೂರು ಸೆನ್ಸರುಗಳೂ ಪಾಪ ಬಾಯಿ ಬಡಿದುಕೊಂಡದ್ದು ಅದನ್ನೇ.

ಸಿಟ್ಟು ಮೀಸೆಯವರೆಗೆ ಬಂತು. ಮೂರು ದಿನ, ಐವತ್ತು ಲೋಟ ಹಾಲು, ಬ್ಯಾರನ್ನು, ಅವ್ವನ ಬೈಗುಳ. ತಿರುಗಿ ಅಪ್ಪನ ಮೇಲೆ ಕೂಗಬೇಕೆಂದು ಬಾಯಿ ತೆರೆದೆ. ಅವರು ಇನ್ನೂ ಆ ಬೋಲ್ಟನ್ನೇ ನೋಡುತ್ತಾ ನಿಂತಿದ್ದರು, ಪರೀಕ್ಷೆಯಲ್ಲಿ ಪಾಸಾದವರ ಹಾಗೆ. ಬಾಯಿ ಮುಚ್ಚಿಕೊಂಡೆ. ನನಗೆ ನೆನಪಿರುವಂತೆ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡದ್ದು ಅದೇ ಮೊದಲು.

ಬೋಲ್ಟು ಬಿಚ್ಚಿ ಚಾಕುವಿನಿಂದ ಕೆರೆದು, ಕಬ್ಬಿಣ ಕಂಡ ಮೇಲೆ ಬಿಗಿದೆ. ಕೀಲಿ ತಿರುಗಿಸಿದೆ. ನೀರು ಮೂವತ್ತೊಂದು ಡಿಗ್ರಿ. ಪೆಡಲು ಸೊನ್ನೆ. ಗಾಳಿ ತನ್ನ ಜಾಗದಲ್ಲಿ. ಜನ ಹೋ ಎಂದರು. ಕ್ಷೌರದವನು ಎಲ್ಲರಿಗಿಂತ ಮೊದಲು ಪೆಟ್ಟಿಗೆ ಮುಚ್ಚಿದ.

"ಏನಾಗಿತ್ಲಾ?" ಎಂದ ಮೇಸ್ತ್ರಿ.

"ನಂದೇ ತಪ್ಪು. ಅರ್ತಿಂಗ್ ಕೊಡಬಾರದ ಜಾಗದಲ್ಲಿ ಕೊಟ್ಟಿದ್ದೆ" ಎಂದೆ. ಆಗ ಅದು ಸುಳ್ಳೆಂದು ತಿಳಿದೇ ಹೇಳಿದ್ದೆ. ಆಮೇಲೆ ಸೀಟಿನ ಕೆಳಗಿನ ಪುಸ್ತಕ ತೆಗೆದು ನೋಡಿದರೆ, ಏಳನೇ ಪುಟದಲ್ಲಿ ಚೌಕ ಹಾಕಿ ದಪ್ಪ ಅಕ್ಷರದಲ್ಲಿ ಬರೆದಿದ್ದರು: ಸೆನ್ಸರುಗಳ ಅರ್ತಿಂಗನ್ನು ಗಾಡಿಯ ಬಾಡಿಯಲ್ಲಿ ಕೊಡಬೇಡಿ, ಡಬ್ಬಿಗೇ ವಾಪಸು ತನ್ನಿ. ನಾನು ಆರನೇ ಪುಟಕ್ಕೆ ನಿಲ್ಲಿಸಿದ್ದೆ.

ಯಜಮಾನ ಹೊಗೆ ಎಬ್ಬಿಸಿಕೊಂಡು ಅಂತರಸಂತೆಗೆ ಹೋದ. ಹೋಗಿ ನೋಡಿದರೆ ಭಾಮೈದ ಜೀಪು ಮಾರಿ, ಶುಂಠಿ ಸಾಗಿಸಲು ಟ್ರ್ಯಾಕ್ಟರು ತೆಗೆದುಕೊಂಡಿದ್ದನಂತೆ. ಇವನು ಆ ಟ್ರ್ಯಾಕ್ಟರನ್ನೇ ಹಿಂದೆ ಹಾಕಿ ಬಂದ. ಹೆಂಡತಿ ಚಪ್ಪಾಳೆ ತಟ್ಟಲಿಲ್ಲವಂತೆ.

ನಾನು ಕೆರೆದಾಗ ನೆಲಕ್ಕೆ ಬಿದ್ದ ಬೆಳ್ಳಿ ಬಣ್ಣದ ಚೂರುಗಳನ್ನು ಅಪ್ಪ ನೋಡಿದ್ದರು ಎಂದು ನನಗೆ ಗೊತ್ತಾದದ್ದು ಮುಂದಿನ ವರ್ಷ. ಆಯುಧಪೂಜೆಯ ಮುನ್ನಾದಿನ ಅವರು ಬಣ್ಣದ ಡಬ್ಬಿ ಬಿಚ್ಚಲಿಲ್ಲ. ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು. "ತೊಳುದ್ರೆ ಸಾಕು ಬುಡು" ಎಂದರು. ಮೈನಸ್ ನಲವತ್ತು ನೋಡಿದಾಗಲೂ ನನಗೆ ಅಷ್ಟು ಸಂಕಟವಾಗಿರಲಿಲ್ಲ. ಹೋಗಿ ಹೊಸ ಡಬ್ಬಿ, ಹೊಸ ಬ್ರಷ್ಷು ತಂದೆ. ಅಂಗಡಿಯಲ್ಲಿದ್ದ ಗಾಡಿಗಳ ಅರ್ತಿಂಗ್ ಬೋಲ್ಟುಗಳಿಗೆಲ್ಲ ಟೇಪು ಸುತ್ತಿ, ಡಬ್ಬಿಯನ್ನು ಅವರ ಮುಂದೆ ಇಟ್ಟು, "ಮರ್ವಾದೆ ಬರೋದ್ ಬ್ಯಾಡ್ವಾ?" ಎಂದೆ. ಅವರು ನನ್ನ ಮುಖ ನೋಡಿ, ಪಂಚೆ ಎತ್ತಿಕಟ್ಟಿದರು. ಅಲ್ಲಿಂದಾಚೆ ಪ್ರತಿವರ್ಷ ನಾನು ಟೇಪು ಸುತ್ತುವುದು, ಅವರು ಬಣ್ಣ ಹೊಡೆಯುವುದು ನಡೆಯಿತು.

ಮೂರನೇ ವರ್ಷದ ಆಯುಧಪೂಜೆ ಕಳೆದು ಒಂದು ತಿಂಗಳಿಗೆ ಅಪ್ಪ ತೀರಿಕೊಂಡರು. ಅದೇ ಕ್ಷೌರದವನು ಅದೇ ಪೆಟ್ಟಿಗೆ ತಂದ. ಕತ್ತಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ಮಸೆದ. ಮೇಸ್ತ್ರಿ ನನ್ನ ಬೆನ್ನಿನ ಮೇಲೆ ಕೈ ಇಟ್ಟುಕೊಂಡಿದ್ದ. ಮೀಸೆ ಹೋಯಿತು. ತುಟಿಯ ಮೇಲೆ ಗಾಳಿ ತಾಗಿ ಚಳಿಯಾಯಿತು. ಆಗ ನಾನು ಜೋರಾಗಿ ಅತ್ತೆ.

ಮೀಸೆ ಮತ್ತೆ ಬಂತು. ಹದಿಮೂರನೇ ದಿನ ಕಳೆದು ಹಬ್ಬದಿಂದಾಚೆ ಅಂಗಡಿಯ ಮೂಲೆಯಲ್ಲೇ ನಿಂತಿದ್ದ ನನ್ನ ಸ್ಕೂಟರು ಹೊರಗೆ ತೆಗೆದರೆ ಹಾರನ್ ಕೂಗಲಿಲ್ಲ. ಬಗ್ಗಿ ನೋಡಿದೆ. ಊರವರ ಗಾಡಿಗಳಿಗೆಲ್ಲ ಟೇಪು ಸುತ್ತಿದವನು ನನ್ನದಕ್ಕೆ ಮರೆತಿದ್ದೆ. ಹಾರನ್ನಿನ ಅರ್ತಿಂಗ್ ಬೋಲ್ಟಿಗೆ ಎರಡು ಕೈ ಬೆಳ್ಳಿ ಬಣ್ಣ, ಒಂಚೂರೂ ಎದ್ದಿಲ್ಲ. ಚಾಕು ತೆಗೆದು ಒಂದು ಸಲ ಕೆರೆದರೆ ಸಾಕು. ಇಷ್ಟು ವರ್ಷವಾದರೂ ಕೆರೆದಿಲ್ಲ. ಹುಣಸೂರಿನ ಬೀದಿಯಲ್ಲಿ ಇವತ್ತಿಗೂ ನಾನು ಬಾಯಲ್ಲೇ ಪೀಂ ಪೀಂ ಎನ್ನುತ್ತಾ ಸ್ಕೂಟರು ಓಡಿಸುತ್ತೇನೆ.